ಅಜ್ಜನ ಲಿವರ್ ಬಂದೂಕು ಯಾವ ಕಾಲದ್ದು?

ಪ್ರಶ್ನೆ: ಜಮಖಂಡಿ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಅಜ್ಜನ ಬೇಟೆ ಬಂದೂಕು ಇದೆ. ಟ್ರಿಗರ್ ಸುತ್ತಲಿನ ಬಳೆಯಂಥ ಲಿವರನ್ನು ಕೆಳಗೆಳೆದು ಮೇಲೆ ತಂದರೆ ಹೊಸ ತೋಟಾ ನಳಿಗೆಗೆ ಬರುತ್ತದೆ. ನಳಿಗೆಯ ಮೇಲೆ ವಿಂಚೆಸ್ಟರ್ ಅಂತಲೂ, 1894 ಆಗಸ್ಟ್ 21 ಅಂತಲೂ ಇದೆ. ದೊಡ್ಡಪ್ಪ ಮಾತ್ರ ಇದು ಹಲಗಲಿ ಬೇಡರ ಕಾಲದ್ದು ಅಂತಾರೆ. ಯಾರನ್ನು ನಂಬಲಿ?

ಉತ್ತರ: ದೊಡ್ಡಪ್ಪನವರ ಮಾತು ಖಂಡಿತ ಆಗುವಂಥದ್ದಲ್ಲ. ಆಯುಧ ಒಪ್ಪಿಸಿ ಎಂಬ ಕಾಯ್ದೆಯ ವಿರುದ್ಧ ಹಲಗಲಿ ಬೇಡರು ಎದ್ದಿದ್ದು 1857ರಲ್ಲಿ. ವಿಂಚೆಸ್ಟರ್ ಅಮೆರಿಕದ ಬಂದೂಕು ಕಂಪನಿ, ಆ ಹೆಸರಿನ ಮೊದಲ ಲಿವರ್ ರೈಫಲ್ ಬಂದಿದ್ದೇ 1866ರಲ್ಲಿ.

ಹಾಗಂತ ನಳಿಗೆಯ ತಾರೀಖನ್ನೂ ಪೂರ್ತಿ ನಂಬಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಅದು ಬಂದೂಕು ತಯಾರಾದ ದಿನವಲ್ಲ, ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕ ದಿನ. ಮುಂದೆ ಎಷ್ಟೋ ವರ್ಷ ತಯಾರಾದ ಬಂದೂಕುಗಳ ಮೇಲೂ ಅದನ್ನೇ ಅಚ್ಚೊತ್ತಿದರು.

ವಯಸ್ಸು ಹೇಳುವುದು ಸೀರಿಯಲ್ ನಂಬರ್. ಹುಡುಕುವ ಮೊದಲು ಒಂದು ಮಾತು: ನಳಿಗೆಯ ಕೆಳಗಿನ ಕೊಳವೆಯಲ್ಲಿ ಹಳೇ ತೋಟಾ ಉಳಿದಿರಬಹುದು. ಲೈಸೆನ್ಸ್ ಇರುವ ಬಂದೂಕು ಅಂಗಡಿಯವರಿಂದಲೇ ಖಾಲಿ ಮಾಡಿಸಿ. ಆಮೇಲೆ ಮಗುಚಿ ನೋಡಿದರೆ, ಲಿವರ್‌ಗಿಂತ ಮುಂದೆ, ಉಕ್ಕಿನ ಚೌಕಟ್ಟಿನ ಅಡಿಯಲ್ಲಿ ನಂಬರ್ ಕಾಣುತ್ತದೆ. ಈ 1894ರ ಮಾಡೆಲ್‌ನ 10 ಲಕ್ಷದ ನಂಬರಿನ ಬಂದೂಕನ್ನು 1927ರಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಜ್ ಅವರಿಗೆ, 20 ಲಕ್ಷದ್ದನ್ನು 1953ರಲ್ಲಿ ಐಸೆನ್‌ಹೋವರ್ ಅವರಿಗೆ ಕೊಟ್ಟರು. ನಿಮ್ಮದು ಇವೆರಡರ ನಡುವೆ ಇದ್ದರೆ ಕಾಲವೂ ಸುಮಾರು ಅಷ್ಟರೊಳಗೇ ಅಂದುಕೊಳ್ಳಿ. ನಳಿಗೆಯ ಮೇಲೆ 30 ಡಬ್ಲ್ಯೂ.ಸಿ.ಎಫ್. ಅಂತ ಇದ್ದರೆ ಅದು 1895ಕ್ಕಿಂತ ಹಳೆಯದಲ್ಲ, ಆ ತೋಟಾ ಬಂದಿದ್ದೇ ಆಗ.

ನಳಿಗೆ ಬದಲಾಯಿಸಿರುವ ಬಂದೂಕುಗಳೂ ಇರುತ್ತವೆ, ಅದಕ್ಕೇ ಮಾಡೆಲ್ ಖಚಿತ ಮಾಡಿಕೊಳ್ಳಿ. ಲಿವರ್ ಇಳಿಸಿದಾಗ ಅಡಿಯ ಉಕ್ಕಿನ ತಟ್ಟೆಯೂ ಜೊತೆಗೆ ಕೆಳಗೆ ಬಾಗುತ್ತಾ? ಹಾಗಾದರೆ 1894ರ ಮಾಡೆಲ್. ಖಾಲಿ ತೋಟಾ ಮೇಲಿನಿಂದ ಹೊರಬೀಳದೆ ಪಕ್ಕದಿಂದ ಬೀಳುತ್ತದೆ, ಮೇಲ್ಭಾಗ ಪೂರ್ತಿ ಮುಚ್ಚಿದೆ ಅಂದರೆ ಮಾರ್ಲಿನ್ ಎಂಬ ಬೇರೆ ಕಂಪನಿಯದ್ದು ಇರಬಹುದು. ಕಿರೀಟದ ಮುದ್ರೆ, ‘ನಾಟ್ ಇಂಗ್ಲಿಷ್ ಮೇಕ್’ ಎಂಬ ಅಕ್ಷರ ಕಂಡರೆ ಬಂದೂಕು ಇಂಗ್ಲೆಂಡಿನಲ್ಲಿ ಪರೀಕ್ಷೆಯಾಗಿ ಬಂದಿದೆ. ಅಕ್ಷರ ಸ್ಪಷ್ಟ ಕಾಣಲಿ ಅಂತ ಮರಳು ಕಾಗದದಿಂದ ಮಾತ್ರ ಉಜ್ಜಬೇಡಿ. ಗುರುತೂ ಹೋಗುತ್ತೆ, ಬೆಲೆಯೂ ಹೋಗುತ್ತೆ.

ಇನ್ನು, ನೀವು ಕೇಳದಿದ್ದರೂ ಹೇಳಬೇಕಾದದ್ದು. ನೂರು ವರ್ಷ ಹಳೆಯದು ಅಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಲ್ಲ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೇ ಬಂದೂಕಿಗಷ್ಟೇ 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುತ್ತದೆ. ಅಜ್ಜನ ಲೈಸೆನ್ಸ್ ಅಜ್ಜನಿಗೇ ಮುಗಿಯಿತು. ಮೊದಲು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ಪಡೆಯಿರಿ. ನಂತರ ಬಾಗಲಕೋಟೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಾರಸುದಾರರಾಗಿ ಅರ್ಜಿ ಹಾಕಿ. ಅಜ್ಜನ ಹಳೇ ಲೈಸೆನ್ಸ್ ಪುಸ್ತಕ ಸಿಕ್ಕರೆ ಜೊತೆಗೆ ಒಯ್ಯಿರಿ, ಅದರಲ್ಲಿ ಬರೆದಿರುವ ನಂಬರ್ ಬಂದೂಕಿನ ಮೇಲಿನದಕ್ಕೆ ಹೊಂದುತ್ತಾ ನೋಡಿಕೊಳ್ಳಿ.