ಎರಡನೇ ಸಲ ಬರುವ ಕಡತ

ಕಫ್ ಪರೇಡ್‌ನಿಂದ ಆರೆಯವರೆಗಿನ ಮುಂಬೈ ಮೆಟ್ರೊ 3ನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ಫೋರ್ಟ್‌ನ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ಕನ್ನಡಿಗರ ತಲೆಮಾರಿಗೆ ಹುತಾತ್ಮ ಚೌಕದ ತಳದಲ್ಲಿ ರೈಲು ಓಡುವುದೇ ಒಂದು ಸೋಜಿಗ. ಉದ್ದ 33.5 ಕಿ.ಮೀ., ನಿಲ್ದಾಣ 27. ಕೇಂದ್ರ ಸಂಪುಟ 2013ರ ಜೂನ್‌ನಲ್ಲಿ ಒಪ್ಪಿದಾಗ ಅಂದಾಜು ವೆಚ್ಚ 23,136 ಕೋಟಿ ರೂಪಾಯಿ. ಉದ್ಘಾಟನೆಯ ಹೊತ್ತಿಗೆ ಅದು 37,270 ಕೋಟಿ ದಾಟಿತ್ತು. ನಡುವಿನ 14 ಸಾವಿರ ಕೋಟಿಗೆ ಯಾರು, ಏನನ್ನು ನೋಡಿ ಒಪ್ಪಿಗೆ ಕೊಟ್ಟರು? ಕೆಲವೇ ಮಂತ್ರಿಗಳು ಕೂತು ಸಂಪುಟದ ಪರವಾಗಿ ತೀರ್ಮಾನಿಸುವ ಸಂಪುಟ ಸಮಿತಿಗಳ ಕೆಲಸ ಅರ್ಥವಾಗಬೇಕಾದರೆ ಈ ಪ್ರಶ್ನೆಯಿಂದಲೇ ಹೊರಡಬೇಕು.

ಸಂಪುಟ ಸಮಿತಿ ಎಂಬ ಹೆಸರು ಸಂವಿಧಾನದಲ್ಲಿ ಎಲ್ಲೂ ಇಲ್ಲ. 77ನೇ ವಿಧಿಯ ಅಡಿಯಲ್ಲಿ 1961ರಲ್ಲಿ ಮಾಡಿದ ಕಾರ್ಯನಿರ್ವಹಣಾ ನಿಯಮಗಳೇ ಅದಕ್ಕೆ ಆಧಾರ. ಹಣದ ವಿಷಯ ನೋಡುವುದು ಪ್ರಧಾನಿ ಅಧ್ಯಕ್ಷತೆಯ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ. 2024ರಲ್ಲಿ ಪುನರ್‌ರಚನೆಯಾದಾಗ ಅದರಲ್ಲಿ ನಿತಿನ್ ಗಡ್ಕರಿ, ಪೀಯೂಷ್ ಗೋಯಲ್ ಅವರ ಜೊತೆಗೆ ನಮ್ಮ ಎಚ್.ಡಿ. ಕುಮಾರಸ್ವಾಮಿಯವರೂ ಇದ್ದರು. ಅದೇ ನಿಯಮಗಳಲ್ಲಿ ಇನ್ನೊಂದು ಬಿಗಿ ಮಾತಿದೆ: ತನಗೆ ವಹಿಸಿದ ಅಧಿಕಾರದ ಮಿತಿ ದಾಟಿ, ಹಣಕಾಸು ಸಚಿವಾಲಯದ ಪೂರ್ವ ಸಹಮತಿ ಇಲ್ಲದೆ ಬೊಕ್ಕಸಕ್ಕೆ ಹೊರೆಯಾಗುವ ಆದೇಶವನ್ನು ಯಾವ ಇಲಾಖೆಯೂ ಹೊರಡಿಸುವಂತಿಲ್ಲ. ಬಿಗಿಯಾದ ಪುಸ್ತಕದಲ್ಲಿ ಸಡಿಲವೂ ಉಂಟು. 12ನೇ ನಿಯಮದಂತೆ ಪ್ರಧಾನಿ ತುರ್ತು ಎನಿಸಿದ್ದನ್ನು ಮೊದಲು ಮಾಡಿ, ಸಂಪುಟದ ಒಪ್ಪಿಗೆಯನ್ನು ಆಮೇಲೆ ಪಡೆಯಬಹುದು. 2019ರ ನವೆಂಬರ್ 23ರ ಬೆಳಗಿನ ಜಾವ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆರವಾಗಿ, ಮುಂಬೈ ಎದ್ದು ಚಹಾ ಕುಡಿಯುವಷ್ಟರಲ್ಲಿ ಫಡಣವೀಸ್ ಪ್ರಮಾಣವಚನ ಮುಗಿದಿದ್ದು ಈ ನಿಯಮದಿಂದಲೇ.

ಮಂತ್ರಿಗಳು ಮೇಜಿನ ಸುತ್ತ ಕೂತು ಸಾಲುಸಾಲು ಲೆಕ್ಕ ತಾಳೆ ನೋಡುತ್ತಾರೆ ಎಂದುಕೊಳ್ಳಬೇಡಿ. ಸಭೆಗೆ ಬರುವ ಹೊತ್ತಿಗೆ ಜಗಳ ಮುಗಿದಿರುತ್ತದೆ. ಇಲಾಖೆ ಕರಡು ಟಿಪ್ಪಣಿ ಬರೆದು ಸಂಬಂಧಪಟ್ಟ ಸಚಿವಾಲಯಗಳಿಗೆ ಸುತ್ತಿಸುತ್ತದೆ. ಅವರ ಆಕ್ಷೇಪ, ಅದಕ್ಕೆ ಇಲಾಖೆಯ ಸಮಜಾಯಿಷಿ ಎರಡೂ ಟಿಪ್ಪಣಿಗೆ ಸೇರುತ್ತವೆ. ನಿಜವಾದ ಜರಡಿ ಇರುವುದು ಹಣಕಾಸು ಸಚಿವಾಲಯದ ವೆಚ್ಚ ಕಾರ್ಯದರ್ಶಿಯ ಕೋಣೆಯಲ್ಲಿ. ದೊಡ್ಡ ಸರ್ಕಾರಿ ಕಾರ್ಯಕ್ರಮಗಳು ವೆಚ್ಚ ಹಣಕಾಸು ಸಮಿತಿಗೆ ಹೋದರೆ, ಮೆಟ್ರೊದಂಥ ಹೂಡಿಕೆಗಳು ಸಾರ್ವಜನಿಕ ಹೂಡಿಕೆ ಮಂಡಳಿಗೆ ಹೋಗುತ್ತವೆ. ಈ ಮಂಡಳಿ ಹುಟ್ಟಿದ್ದು 1972ರಲ್ಲಿ. ಹಿಂದೆ ಯೋಜನಾ ಆಯೋಗದ ಮಾತಿಗೂ ಇಲ್ಲಿ ತೂಕವಿತ್ತು. 2015ರಿಂದ ಆ ಜಾಗದಲ್ಲಿ ನೀತಿ ಆಯೋಗವಿದೆ. 2016ರ ಆಗಸ್ಟ್‌ನ ಆದೇಶ ಮಿತಿಗಳನ್ನು ಹೀಗೆ ನಿಗದಿ ಮಾಡಿತು: 500 ಕೋಟಿಯವರೆಗೆ ಇಲಾಖೆಯ ಸಚಿವರೇ ಸಾಕು, 1,000 ಕೋಟಿಯವರೆಗೆ ಹಣಕಾಸು ಸಚಿವರ ಸಹಿಯೂ ಬೇಕು, ಅದಕ್ಕಿಂತ ಮೇಲಿನದು ಸಂಪುಟಕ್ಕೆ ಅಥವಾ ಅದರ ಸಮಿತಿಗೆ.

ಅಳೆಯುವ ಕೋಲೂ ಬದಲಾಗಿದೆ. 2017ರ ಮೆಟ್ರೊ ನೀತಿಗೆ ಮುಂಚೆ, ಯೋಜನೆ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 8ರಷ್ಟು ಹುಟ್ಟಿಸುತ್ತದೆಯೇ ಎಂದು ನೋಡುತ್ತಿದ್ದರು. ಈಗ ಉಳಿಯುವ ಸಮಯ, ಇಂಧನ, ಕಮ್ಮಿಯಾಗುವ ಅಪಘಾತಗಳನ್ನೂ ರೂಪಾಯಿಗೆ ಇಳಿಸಿ, ಸಮಾಜಕ್ಕೆ ಶೇ 14ರಷ್ಟು ಲಾಭವಿದೆಯೇ ಎಂದು ನೋಡುತ್ತಾರೆ. ಸಂಖ್ಯೆ ದೊಡ್ಡದಾದರೂ ಎರಡನೆಯದರಲ್ಲಿ ಊಹೆಗೆ ಜಾಗ ಹೆಚ್ಚು ಎಂಬುದು ನನ್ನ ಗುಮಾನಿ.

ಇಷ್ಟೆಲ್ಲ ಜರಡಿ ಮೊದಲ ಸಲದ ಕಡತಕ್ಕೆ. ಎರಡನೇ ಸಲ ಅದೇ ಕಡತ ಪರಿಷ್ಕೃತ ಅಂದಾಜು ಹೊತ್ತು ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಕೊಂಕಣದ ದಾಭೋಳ್ ವಿದ್ಯುತ್ ಯೋಜನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಎನ್ರಾನ್ ಕಂಪನಿ 1992ರ ಜೂನ್‌ನಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿಯೊಂದಿಗೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. 1993ರ ಡಿಸೆಂಬರ್‌ನಲ್ಲಿ ವಿದ್ಯುತ್ ಖರೀದಿ ಒಪ್ಪಂದವೂ ಆಯಿತು. ಟೆಂಡರ್ ಕರೆದಿರಲಿಲ್ಲ. 1995ರಲ್ಲಿ ಅಧಿಕಾರಕ್ಕೆ ಬಂದ ಶಿವಸೇನೆ–ಬಿಜೆಪಿ ಸರ್ಕಾರ ಉಪಮುಖ್ಯಮಂತ್ರಿ ಗೋಪಿನಾಥ್ ಮುಂಡೆ ನೇತೃತ್ವದಲ್ಲಿ ಸಂಪುಟ ಉಪಸಮಿತಿ ರಚಿಸಿತು. ಸ್ಪರ್ಧೆಯಿಲ್ಲದೆ ಕೊಟ್ಟ ಗುತ್ತಿಗೆ, ದುಬಾರಿ ಬಂಡವಾಳ ವೆಚ್ಚ ಎಂದು ಉಪಸಮಿತಿ ಕಟುವಾಗಿ ಬರೆಯಿತು. ಆಗಸ್ಟ್ 3ರಂದು ಮುಖ್ಯಮಂತ್ರಿ ಮನೋಹರ ಜೋಶಿ ಯೋಜನೆ ರದ್ದೆಂದು ವಿಧಾನಸಭೆಯಲ್ಲಿ ಸಾರಿದರು.

ಸಂಪುಟ ಸಮಿತಿಯೊಂದು ಖರ್ಚಿನ ಪ್ರಸ್ತಾವವನ್ನು ಬಿಚ್ಚಿ ನೋಡಿ ಬೇಡ ಎಂದ ಅಪರೂಪದ ಗಳಿಗೆ ಅದು. ಆದರೆ ದಾಭೋಳ್‌ನಲ್ಲಿ ಕೆಲಸ ಶುರುವಾಗಿತ್ತು, ಸಾಲ ಎತ್ತಿಯಾಗಿತ್ತು. ಕಂಪನಿ ಲಂಡನ್ನಿನಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ದಾವೆ ಹೂಡಿತು. ಕೆಲವೇ ತಿಂಗಳಲ್ಲಿ ಮರುಮಾತುಕತೆ ನಡೆದು, 1996ರ ಆರಂಭದಲ್ಲಿ ಅದೇ ಸರ್ಕಾರ ಇನ್ನೂ ದೊಡ್ಡ ಯೋಜನೆಗೆ ಒಪ್ಪಿತು. ಮೊದಲಿನ ಒಪ್ಪಂದದಲ್ಲಿ ಎರಡನೇ ಹಂತ ಐಚ್ಛಿಕವಾಗಿತ್ತು, ಹೊಸದರಲ್ಲಿ ಕಡ್ಡಾಯವಾಯಿತು! 13 ದಿನಗಳ ವಾಜಪೇಯಿ ಸರ್ಕಾರ ಮೇ ತಿಂಗಳಲ್ಲಿ ತನ್ನ ಕೊನೆಯ ಗಳಿಗೆಯಲ್ಲಿ ರಾಜ್ಯ ಬಾಕಿ ಕೊಡದಿದ್ದರೆ ತಾನು ಕೊಡುತ್ತೇನೆ ಎಂಬ ಕೇಂದ್ರದ ಪ್ರತಿ-ಖಾತರಿಗೆ ಅನುಮೋದನೆ ಕೊಟ್ಟಿತು. 1999ರಲ್ಲಿ ಕರೆಂಟು ಬಂತು. 2001ರಲ್ಲಿ ಆ ದರಕ್ಕೆ ಕೊಳ್ಳಲಾಗದೆ ವಿದ್ಯುತ್ ಮಂಡಳಿ ಕೈಚೆಲ್ಲಿತು, ಸ್ಥಾವರ ನಿಂತಿತು. ಆ ಡಿಸೆಂಬರ್‌ನಲ್ಲಿ ಎನ್ರಾನ್ ಕೂಡ ದಿವಾಳಿಯಾಯಿತು.

ಮೆಟ್ರೊ 3ರಲ್ಲಿ ಇಂಥ ಗುಟ್ಟಿನ ವ್ಯವಹಾರ ಇರಲಿಲ್ಲ. ಕತೆಯ ಬೆನ್ನೆಲುಬು ಮಾತ್ರ ಅದೇ. ಆರೆ ಕಾರ್‌ಶೆಡ್‌ಗೆ 2019ರ ಅಕ್ಟೋಬರ್‌ನಲ್ಲಿ ಮರ ಕಡಿದರು. ನವೆಂಬರ್‌ನಲ್ಲಿ ಉದ್ಧವ್ ಠಾಕ್ರೆಯವರ ಹೊಸ ಸರ್ಕಾರ ಕೆಲಸ ನಿಲ್ಲಿಸಿತು. 2020ರಲ್ಲಿ ಶೆಡ್ ಕಾಂಜೂರ್‌ಮಾರ್ಗ್‌ಗೆ ಎಂದಾಯಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2022ರಲ್ಲಿ ಸರ್ಕಾರ ಬದಲಾಗಿ ಶೆಡ್ ಮತ್ತೆ ಆರೆಗೇ ಬಂತು. ಆ ಆಗಸ್ಟ್‌ನಲ್ಲಿ, ಶಿಂದೆ ಸಂಪುಟ ವಿಸ್ತರಣೆಯಾದ ಬೆನ್ನಿಗೇ, 33,405 ಕೋಟಿಯ ಪರಿಷ್ಕೃತ ಅಂದಾಜು ಮುಂಬೈನ ರಾಜ್ಯ ಸಚಿವಾಲಯವಾದ ಮಂತ್ರಾಲಯದಲ್ಲಿ ಪಾಸಾಯಿತು. ಆಗ ಸುರಂಗ ಹೆಚ್ಚುಕಡಿಮೆ ಪೂರ್ತಿ ಕೊರೆದಾಗಿತ್ತು. ನವೆಂಬರ್‌ನಲ್ಲಿ ಸುರಂಗದ ಕೊನೆಯ ತುಂಡೂ ಕೊರೆದು ಮುಗಿಯಿತು. ಗೋಡೆ ಎದ್ದ ಮೇಲೆ ಮೇಸ್ತ್ರಿ ಇನ್ನಷ್ಟು ಕೇಳಿದರೆ ಮನೆ ಯಜಮಾನ ಗೊಣಗಬಹುದು, ಕೊಡದೆ ಇರಲಾಗದು. ಆರೆಯೋ ಕಾಂಜೂರ್‌ಮಾರ್ಗೋ ಎಂಬ ಹಗ್ಗಜಗ್ಗಾಟದ ಬೆಲೆ ಎಷ್ಟು ಎಂದು ಎರಡೂ ಕಡೆಯವರನ್ನು ಕೂರಿಸಿ ಕೇಳಬೇಕಿತ್ತು. ಅದನ್ನು ಕೇಳಬಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, ಶಾಸನಸಭೆಯ ಲೆಕ್ಕಪತ್ರ ಸಮಿತಿ ಬರುವುದೇ ಹಣ ಖರ್ಚಾದ ಮೇಲೆ.

ಕೇಂದ್ರದ 2016ರ ಆದೇಶದಲ್ಲಿ ಇದಕ್ಕೊಂದು ಕಡಿವಾಣ ಇದೆ, ಅದರ ಪಕ್ಕದಲ್ಲೇ ಒಂದು ಕಿಂಡಿಯೂ ಇದೆ. ತೆರಿಗೆ, ವಿನಿಮಯ ದರ ಮತ್ತು ಗಡುವಿನೊಳಗಿನ ಬೆಲೆಯೇರಿಕೆಯನ್ನು ಬಿಟ್ಟು ಬೇರೆ ಕಾರಣಕ್ಕೆ ವೆಚ್ಚ ಶೇ 20ಕ್ಕಿಂತ ಹೆಚ್ಚು ಏರಿದರೆ ಮೊದಲು ಪರಿಷ್ಕೃತ ವೆಚ್ಚ ಸಮಿತಿಗೆ ಹೋಗಬೇಕು. ಅಲ್ಲಿ ಏರಿಕೆಗೆ ಕಾರಣ ಹೇಳಬೇಕು. ಶೇ 20ರ ಒಳಗಿದ್ದರೆ ಮೊದಲ ಒಪ್ಪಿಗೆಯೇ ಸಾಕು. ಆರ್ಥಿಕ ಸಲಹೆಗಾರರ ಸಹಮತಿಯೊಂದಿಗೆ ಇಲಾಖೆಯ ಕಾರ್ಯದರ್ಶಿಯೇ ಮುಗಿಸಬಹುದು.

ಪುಣೆಯವರು ಇದನ್ನು ಈಗಲೇ ಗುರುತು ಹಾಕಿಕೊಳ್ಳಬಹುದು. ಅಲ್ಲಿನ ಮೆಟ್ರೊಗೆ ಹೂಡಿಕೆ ಮಂಡಳಿ ದಾಟಿ 2016ರ ಡಿಸೆಂಬರ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಾಗ ಅಂದಾಜು 11,420 ಕೋಟಿ. ಸ್ವಾರ್‌ಗೇಟ್‌ನಿಂದ ಕಾತ್ರಜ್‌ಗೆ ನೆಲದಡಿ ಹೋಗುವ 5.46 ಕಿ.ಮೀ. ವಿಸ್ತರಣೆ 2024ರ ಆಗಸ್ಟ್‌ನಲ್ಲಿ ಪ್ರತ್ಯೇಕ ಕಡತವಾಗಿ ಬಂತು: ವೆಚ್ಚ 2,954 ಕೋಟಿ, ಗಡುವು 2029ರ ಫೆಬ್ರುವರಿ. ಇದರ ಶೇ 20 ಎಂದರೆ ಸುಮಾರು 590 ಕೋಟಿ. ಅಷ್ಟರ ತನಕ ಈ ಕಡತ ಕೇಂದ್ರದ ಮಂತ್ರಿಗಳ ಮುಂದೆ ಮತ್ತೆ ಬರಬೇಕಾಗಿಯೇ ಇಲ್ಲ.