ಕಿವಿನೋವಿನ ಔಷಧಿ ನಡೆಯುವಾಗ ದದ್ದು ಎದ್ದರೆ

"ಡಾಕ್ಟ್ರೇ, ನೀವು ಕೊಟ್ಟ ಸಿರಪ್ ಹೀಟ್ ಆಗಿದೆ ನೋಡಿ" ಎನ್ನುತ್ತಾ ತಾಯಿ ಮಗುವಿನ ಅಂಗಿ ಎತ್ತಿ ತೋರಿಸುತ್ತಾರೆ. ಎದೆ, ಹೊಟ್ಟೆ, ಬೆನ್ನಿನ ತುಂಬ ಕೆಂಪು ಚುಕ್ಕೆ. ಕಿವಿಯ ಸೋಂಕಿಗೆ ನಾನು ಪೆನಿಸಿಲಿನ್ ಗುಂಪಿನ ಆಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್ ಬರೆದುಕೊಟ್ಟಿರುತ್ತೇನೆ. ನಾನು ಮೊದಲು ಕೇಳುವುದು ಸಮಯ. ಎಷ್ಟನೇ ದಿನ ಎದ್ದಿತು? ಔಷಧಿ ಕುಡಿಸಿ ಎಷ್ಟು ಹೊತ್ತಿಗೆ?

ಕುಡಿಸಿದ ಒಂದೆರಡು ಗಂಟೆಯೊಳಗೆ ಉಬ್ಬುಬ್ಬಾದ, ವಿಪರೀತ ತುರಿಸುವ ಗಂಧೆ ಎದ್ದು, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತಿದ್ದರೆ ನಿಜವಾದ ಅಲರ್ಜಿ ಇರಬಹುದು. ಮುಂದಿನ ಡೋಸ್ ಕೊಡದೆ ಅವತ್ತೇ ತೋರಿಸಿ. ತುಟಿ, ನಾಲಿಗೆ ಊದಿದರೆ, ಉಸಿರಾಡಲು ಕಷ್ಟವಾದರೆ ಕಾಯಲೇಬೇಡಿ, 108ಕ್ಕೆ ಕರೆ ಮಾಡಿ. ಬಾಯಿ, ಕಣ್ಣಲ್ಲಿ ಹುಣ್ಣಾಗಿ ಚರ್ಮ ಸುಲಿಯತೊಡಗಿದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆದರೆ ನಾನು ಜಾಸ್ತಿ ನೋಡುವುದು ಇದನ್ನಲ್ಲ. ಐದನೆಯದೋ ಏಳನೆಯದೋ ದಿನ, ಮೈಯ ಎರಡೂ ಬದಿಗೆ ಒಂದೇ ಥರ, ಅಷ್ಟೇನೂ ಉಬ್ಬದ, ಹೆಚ್ಚು ತುರಿಸದ ದದ್ದು. ಮಗು ಆಡಿಕೊಂಡೇ ಇರುತ್ತದೆ. ಅಮಾಕ್ಸಿಸಿಲಿನ್ ಕುಡಿಯುವ 100 ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೀಗಾಗುತ್ತದೆ. ಇದರಲ್ಲಿ ಬಹುಪಾಲು ಅಲರ್ಜಿಯೇ ಅಲ್ಲ. ಕಿವಿನೋವು ಸಾಮಾನ್ಯವಾಗಿ ನೆಗಡಿಯ ಬೆನ್ನಿಗೇ ಬರುತ್ತದೆ, ಅಲ್ವಾ? ಆ ನೆಗಡಿಯ ವೈರಸ್ಸೇ ಚರ್ಮದ ಮೇಲೆ ದದ್ದು ಎಬ್ಬಿಸಿರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ರೋಸಿಯೋಲಾ ಎಂಬ ವೈರಸ್ ಜ್ವರ ಬರುತ್ತದೆ. ಮೂರ್ನಾಲ್ಕು ದಿನ ಜ್ವರ ಕಾಯ್ದು, ಅದು ಬಿಟ್ಟ ಮೇಲೆ ಮೈಯೆಲ್ಲ ಗುಲಾಬಿ ಚುಕ್ಕೆ ಏಳುತ್ತದೆ. ಆಗ ಕೈಯಲ್ಲಿರುವ ಸಿರಪ್‌ ಮೇಲೆ ಸುಮ್ನೆ ಅಪವಾದ ಬೀಳುತ್ತದೆ. ಆದರೂ ಔಷಧಿ ಮುಂದುವರಿಸಬೇಕೋ ಬೇಡವೋ ಎಂದು ದದ್ದನ್ನು ಕಣ್ಣಾರೆ ನೋಡಿದ ವೈದ್ಯರೇ ಹೇಳಬೇಕು.

ದಡಾರವನ್ನೂ ಮರೆಯುವಂತಿಲ್ಲ. ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು ಇದ್ದು, ದದ್ದು ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗಿಳಿದರೆ ನಾನು ಲಸಿಕೆ ಕಾರ್ಡ್ ಕೇಳುತ್ತೇನೆ. ಒಂಬತ್ತು ತಿಂಗಳಿನದು, 16ರಿಂದ 24 ತಿಂಗಳೊಳಗಿನದು, ಎರಡೂ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಆಗಿದೆಯಾ? ದಡಾರದಿಂದಲೇ ಕಿವಿ ಸೋಂಕಾಗುವುದೂ ಉಂಟು.

ಕಿವಿಯ ಸುತ್ತ ಮಾತ್ರ ಕೆಂಪಾಗಿ ತುರಿಸಿ, ನೀರು ಒಸರುತ್ತಿದ್ದರೆ ಹನಿ ಔಷಧಿಯನ್ನು ಅನುಮಾನಿಸಬೇಕು. ಕೆಲವು ಹನಿಗಳಲ್ಲಿರುವ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಕೆಲವರಿಗೆ ಅದು ಹರಿದ ಕಡೆಯೆಲ್ಲ ಹೀಗೆ ಮಾಡುತ್ತದೆ. ಮನೆಯಲ್ಲಿ ಬಿಸಿ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದರೆ ಮುಚ್ಚಿಡಬೇಡಿ. ನಾನು ಬೈಯುವುದಿಲ್ಲ, ನನಗೆ ಕಾರಣ ಗೊತ್ತಾಗಬೇಕು ಅಷ್ಟೇ.

ದೊಡ್ಡವರ ವಿಷಯದಲ್ಲಿ ಒಂದು ಮಾತು. ಕಿವಿನೋವು ಶುರುವಾಗಿ ಒಂದೆರಡು ದಿನಕ್ಕೆ ಕಿವಿಯಲ್ಲಿ ನೀರುಗುಳ್ಳೆ ಎದ್ದು, ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಅದು ಸರ್ಪಸುತ್ತು. ಮೂರು ದಿನದೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಮುಖದ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಮಗುವಿನ ಫೈಲಿನಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಅವಸರದಲ್ಲಿ ಬರೆಯುವುದು ನನಗೆ ಇಷ್ಟವಿಲ್ಲ. ಹಾಗೆ ಬರೆಸಿಕೊಂಡವರನ್ನು ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದಿಲ್ಲ. ಆದರೆ ಆ ಎರಡು ಪದ ಬದುಕಿಡೀ ಜೊತೆಗಿರುತ್ತವೆ. ಸರಳ ಔಷಧಿ ಸಾಕಾಗುವ ಕಡೆ ಪ್ರಬಲವಾದದ್ದನ್ನು ಕೊಡಬೇಕಾಗುತ್ತದೆ. ಅದಕ್ಕೇ ದದ್ದು ಎದ್ದ ಕೂಡಲೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಕೊನೆಯ ಡೋಸ್ ಕುಡಿಸಿದ ಸಮಯವನ್ನು ಚೀಟಿಯ ಹಿಂದೆ ಬರೆದಿಡಿ. ಬರುವಾಗ ಸಿರಪ್ ಬಾಟಲಿಯನ್ನೂ ತನ್ನಿ.