ಎಲೆಯಡಿ ಹೇನು, ನೀರಿನಡಿ ಮೀನು

ಬೆಳಿಗ್ಗೆ ಆರೂವರೆಗೆ ಫೋನ್ ಬಂತೆಂದರೆ ಮೀನು ಸತ್ತಿದೆ ಎಂದೇ ಲೆಕ್ಕ. ಗಿಡಕ್ಕೆ ಹುಳ ಬಿದ್ದವರು ಹತ್ತು ಗಂಟೆಯವರೆಗೆ ಕಾಯುತ್ತಾರೆ. ಮೀನು ತೇಲುವುದನ್ನು ಕಂಡವರಿಗೆ ಆ ತಾಳ್ಮೆ ಇರುವುದಿಲ್ಲ. ಮೀನನ್ನೂ ತರಕಾರಿಯನ್ನೂ ಒಂದೇ ನೀರಿನಲ್ಲಿ ಬೆಳೆಸುವ ಅಕ್ವಾಪೋನಿಕ್ಸ್ ಮಾಡುವವರಿಗೆ ನಾನು ಸಲಹೆ ಹೇಳುತ್ತೇನೆ.

ಅಂದು ಕರೆ ಮಾಡಿದವರು ಬೆಂಗಳೂರಿನ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಮನೆಯ ತಾರಸಿಯ ಮೇಲೆ ಸಾವಿರ ಲೀಟರಿನ ತೊಟ್ಟಿ, ಅದರಲ್ಲಿ ಮೂವತ್ತು ಕಾಮನ್ ಕಾರ್ಪ್ ಮೀನು, ಪಕ್ಕದಲ್ಲಿ ಜಲ್ಲಿ ತುಂಬಿದ ಎರಡು ಬೆಡ್‌ಗಳಲ್ಲಿ ಬದನೆ, ಮೆಣಸಿನ ಗಿಡ, ಪಾಲಕ್. ಏನು ಹೊಡೆದಿರಿ ಎಂದು ಕೇಳಿದೆ.

"ವಿಷ ಏನೂ ಹೊಡೆದಿಲ್ಲ ಸರ್. ಬರೀ ಬೇವಿನೆಣ್ಣೆ. ನೀರಿನಲ್ಲಿ ಬೆರೆಯಲಿ ಎಂದು ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿದೆ, ಅಷ್ಟೇ."

ಆ "ಅಷ್ಟೇ" ಎಂಬುದರಲ್ಲಿಯೇ ಎಲ್ಲವೂ ಇತ್ತು. ಅಕ್ವಾಪೋನಿಕ್ಸ್‌ನಲ್ಲಿ ನೀರು ಒಂದೇ. ಮೀನಿನ ಹೊಲಸಿನ ಅಮೋನಿಯಾವನ್ನು ಜಲ್ಲಿಯಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದನ್ನು ಗಿಡ ಉಣ್ಣುತ್ತದೆ, ತಿಳಿಯಾದ ನೀರು ತೊಟ್ಟಿಗೆ ಮರಳುತ್ತದೆ. ಹೊಲದಲ್ಲಿ ಎಲೆಯಿಂದ ತೊಟ್ಟಿಕ್ಕಿದ್ದನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಕೊಳೆಸುತ್ತದೆ, ಮರೆಮಾಚುತ್ತದೆ. ಇಲ್ಲಿ ಮಣ್ಣೇ ಇಲ್ಲ. ಸಂಜೆ ಬದನೆ ಎಲೆಯ ಮೇಲೆ ಬಿದ್ದದ್ದು ರಾತ್ರಿಯೊಳಗೆ ಮೀನಿನ ಕಿವಿರನ್ನು ತಲುಪುತ್ತದೆ. ಬೇವು ಮೀನಿಗೆ ನಿರಪಾಯಕಾರಿಯೇನೂ ಅಲ್ಲ. ಆದರೆ ಅಂದು ಹೆಚ್ಚು ಕೆಡುಕು ಮಾಡಿದ್ದು ಸೋಪು ಎಂದೇ ನನ್ನ ಅಂದಾಜು. ಕಿವಿರನ್ನು ಕಾಯುವ ಲೋಳೆಯನ್ನು ಸೋಪು ತೊಳೆದುಬಿಡುತ್ತದೆ. ಆಮೇಲೆ ಆಮ್ಲಜನಕ ನೀರಿನಲ್ಲಿದ್ದರೂ ಮೀನು ಉಸಿರುಗಟ್ಟಿ ಮೇಲೆ ಬಂದು ಬಾಯಿ ಬಿಡುತ್ತದೆ.

ಬೆಡ್‌ಗೆ ಹೋಗುವ ಪಂಪು ನಿಲ್ಲಿಸಲು ಹೇಳಿದೆ, ನೀರಿಗೆ ಗಾಳಿ ಊದುವ ಏರೇಟರ್ ಮಾತ್ರ ಓಡಲಿ ಎಂದೆ. ಹಿಂದಿನ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟ, ಕ್ಲೋರಿನ್ ಹೋದ ನೀರು ಅದೃಷ್ಟವಶಾತ್ ಅವರಲ್ಲಿತ್ತು. ತೊಟ್ಟಿಯ ಮೂರನೇ ಒಂದು ಭಾಗ ನೀರು ಬದಲಿಸಿದರು. ಹನ್ನೊಂದು ಮೀನು ಹೋದವು, ಉಳಿದವು ಚೇತರಿಸಿಕೊಂಡವು.

"ನೈಸರ್ಗಿಕ" ಎಂಬ ಪದದ ಮೇಲೆ ನನಗಿರುವ ಸಿಟ್ಟು ಇಂಥ ಬೆಳಗುಗಳಿಂದ ಬಂದದ್ದು. ಆ ಪದ ವಸ್ತು ಎಲ್ಲಿಂದ ಬಂತು ಎಂದು ಹೇಳುತ್ತದೆಯೇ ಹೊರತು ಮೀನಿಗೆ ಏನು ಮಾಡುತ್ತದೆ ಎಂದಲ್ಲ. ಮೀನು ಸಾಕುವವರನ್ನು ಕೇಳಿ: ಮರಿ ಬಿಡುವ ಮೊದಲು ಕೆರೆಯಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲು ಅವರು ಹಾಕುವುದು ಹಿಪ್ಪೆ ಹಿಂಡಿ. ಒಂದು ಮೀಟರ್ ಆಳದ ನೀರಿರುವ ಒಂದು ಹೆಕ್ಟೇರಿಗೆ ಸುಮಾರು 2,500 ಕಿಲೋ. ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ ಕಾಲು ಕಿಲೋ, ಅಂದರೆ ಆ ತಾರಸಿಯ ತೊಟ್ಟಿಯನ್ನು ಖಾಲಿ ಮಾಡಲು ಒಂದು ಡಬ್ಬಿ ಹಿಂಡಿ ಸಾಕು. ಅದರಲ್ಲಿ ಕೊಲ್ಲುವುದು ಸಪೋನಿನ್ ಎಂಬ ನೊರೆ ಬರಿಸುವ ವಸ್ತು. ಅಂಟುವಾಳಕಾಯಿಯಲ್ಲಿಯೂ ಇರುವುದು ಅದರದೇ ಬಳಗ. "ಕೆಮಿಕಲ್ ಸೋಪು ಬೇಡ, ಅಂಟುವಾಳದ ನೀರು ಹಾಕುತ್ತೇನೆ" ಎನ್ನುವವರಿಗೆ ನಾನು ಮೊದಲು ಈ ಹಿಪ್ಪೆಯ ಕಥೆ ಹೇಳುತ್ತೇನೆ. ಸೇವಂತಿಗೆಯ ಬಳಗದ ಹೂವಿನಿಂದ ತೆಗೆಯುವ ಪೈರೆತ್ರಮ್ ಎಂಬ ಕೀಟನಾಶಕ ಮೀನಿಗೆ ಘೋರ ವಿಷ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಕೂಡ ವಿಷವೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಕಾರಿ ಬೆಳೆಗಾರರಿಗಾಗಿ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಒಳ್ಳೆಯ ವಸ್ತುಗಳು, ಮಣ್ಣಿನ ತೋಟಕ್ಕೆ ನಾನೇ ಶಿಫಾರಸು ಮಾಡುತ್ತೇನೆ. ಮೀನಿನ ನೀರು ಹರಿಯುವ ಬೆಡ್‌ಗೆ ಬೇಡ.

ಹಾಗಾದರೆ ಉಳಿಯುವುದೇನು? ಕೈ, ನೀರು, ಇರುವೆ ಕಾವಲು, ಬೇಟೆಗಾರ ಹುಳ. ಕೊನೆಗೆ ಒಂದೆರಡು ಸೂಕ್ಷ್ಮಜೀವಿ.

ಹೇನು, ಅಂದರೆ ಎಲೆಯ ರಸ ಹೀರುವ ಸಣ್ಣ ಗಿಡಹೇನು, ಬಿದ್ದ ಲೆಟ್ಯೂಸನ್ನು ನಾನು ಹೀಗೆ ನೋಡಿಕೊಳ್ಳುತ್ತೇನೆ. ಥರ್ಮೋಕೋಲ್ ಹಲಗೆಯ ಮೇಲೆ ತೇಲಿಸಿ ಬೆಳೆಸಿದ ಗಿಡವಾದರೆ ಜಾಲರಿ ಕುಂಡದ ಸಮೇತ ಎತ್ತಬಹುದು. ಬಕೆಟ್ಟಿನಲ್ಲಿ ಸಾದಾ ನೀರು ತುಂಬಿ, ಬುಡವನ್ನು ಅಂಗೈಯಲ್ಲಿ ಹಿಡಿದು, ಗಿಡವನ್ನು ತಲೆಕೆಳಗಾಗಿ ಅದ್ದಿ ಅರ್ಧ ನಿಮಿಷ ಅಲುಗಾಡಿಸಬೇಕು. ಮಡಚಿದ ಎಳೆ ಎಲೆಗಳ ಸಂದಿಯಿಂದ ಹೇನು ಸಾಸಿವೆ ಚೆಲ್ಲಿದಂತೆ ಮೇಲೆ ತೇಲುತ್ತವೆ. ಟೀ ಸೋಸುವ ಜಾಲರಿಯಲ್ಲಿ ಅವನ್ನು ಎತ್ತಿ ಮೀನಿನ ತೊಟ್ಟಿಯಲ್ಲಿ ಕೊಡವಿದರೆ ಕ್ಷಣದಲ್ಲಿ ಮಾಯ. ಕೆಲವರು ಗಿಡವನ್ನೇ ಮೀನಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮೀನಿನ ಹೊಲಸು ನೀರು ತಗುಲುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸಲ ಅದ್ದಿ ಬಿಟ್ಟರೆ ಪ್ರಯೋಜನವೂ ಇಲ್ಲ. ಸೆಕೆಯ ದಿನಗಳಲ್ಲಿ ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರದೊಳಗೆ ತಾಯಿಯಾಗುತ್ತದೆ. ಆದ್ದರಿಂದ ಮೂರು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಅದ್ದಬೇಕು. ಜಲ್ಲಿ ಬೆಡ್‌ನ ಗಿಡಗಳಾದರೆ ಎಲೆಯ ಕೆಳಗಿನಿಂದ ಮೇಲಕ್ಕೆ ಪಿಚಕಾರಿಯಂತೆ ನೀರು ಹೊಡೆಯಬೇಕು. ಮೇಲಿನಿಂದ ಹೊಡೆದರೆ ಹೇನಿಗೆ ಕೊಡೆ ಹಿಡಿದಂತೆ.

ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಇದಾವುದೂ ನಡೆಯುವುದಿಲ್ಲ. ಹೇನು, ಬಿಳಿ ಮೇಣ ಹೊದ್ದ ಹಿಟ್ಟು ತಿಗಣೆಗಳು ಸುರಿಸುವ ಸಿಹಿ ದ್ರವಕ್ಕಾಗಿ ಇರುವೆ ಅವನ್ನು ದನ ಕಾಯುವಂತೆ ಕಾಯುತ್ತದೆ. ಅವನ್ನು ತಿನ್ನುವ ಗುಲಗಂಜಿ ಹುಳು ಬಂದರೆ ಓಡಿಸುತ್ತದೆ. ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಡುವ ಮನೆಯ ಉಪಾಯವೇ ಇಲ್ಲಿಯೂ ಸಾಕು, ಸ್ಟ್ಯಾಂಡಿನ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು. ನಾನು ನೋಡಿದ ಅರ್ಧದಷ್ಟು ಕಡೆ ಬಟ್ಟಲು ಇಟ್ಟಿರುತ್ತಾರೆ, ಆದರೆ ಗೋಡೆಯಿಂದ ಬರುವ ಪೈಪನ್ನು ಮರೆತಿರುತ್ತಾರೆ. ಇರುವೆ ಮರೆಯುವುದಿಲ್ಲ.

ಹೇನು ಪದೇಪದೇ ಬಂದರೆ ಮೀನಿನ ಮೇವಿನ ಡಬ್ಬಿಯನ್ನು ನೋಡುತ್ತೇನೆ. ಒಂದು ಚದರ ಮೀಟರ್ ಸೊಪ್ಪಿನ ಬೆಡ್‌ಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಸರಿಯಾದ ಅಳತೆ. ಮೊಮ್ಮಕ್ಕಳು ಬಂದಾಗಲೆಲ್ಲ ಮುಷ್ಟಿ ಮುಷ್ಟಿ ಎಸೆದರೆ ಸಾರಜನಕ ಹೆಚ್ಚಿ ಎಲೆ ಮೆತ್ತಗಾಗುತ್ತದೆ, ರಸ ಹೀರುವ ಹುಳಕ್ಕೆ ಅದೇ ಹಬ್ಬದೂಟ.

ಬೇಟೆಗಾರ ಹುಳಗಳ ಬಗ್ಗೆ ಹೇಳುವಾಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಬದನೆಯ ಮೇಲೆ ಹಿಟ್ಟು ತಿಗಣೆ ಬಂದಿದ್ದ ಕಡೆ ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಜಾತಿಯ ದುಂಬಿಗಳನ್ನು ತಂದು ಬಿಟ್ಟೆ. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟವನ್ನು ತಿನ್ನಲೆಂದು ಇದನ್ನು ಆಸ್ಟ್ರೇಲಿಯಾದಿಂದ ತಂದಿದ್ದರು. ಆ ಕೆಲಸದಲ್ಲಿ ಗೆಲ್ಲಲಿಲ್ಲ, ಹಿಟ್ಟು ತಿಗಣೆಯ ವಿಷಯದಲ್ಲಿ ಹೆಸರು ಮಾಡಿತು. ಪ್ರಯೋಗಾಲಯಗಳಲ್ಲಿ ಕುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಆ ತಿಗಣೆಯ ಮೇಲೆ ಇದನ್ನು ಸಾಕುತ್ತಾರೆ. ಎರಡು ವಾರ ಬಿಟ್ಟು ಹೋದಾಗ ಎಲೆಗಳ ಕೆಳಗೆ ಮೊದಲಿಗಿಂತ ದೊಡ್ಡ ಬಿಳಿ ಮುದ್ದೆಗಳು. ಪ್ರಯೋಗ ಕೆಟ್ಟಿತು ಎಂದು ಬೇಸರದಿಂದ ನೀರು ಹೊಡೆದು ಎಲ್ಲವನ್ನೂ ತೊಳೆದುಬಿಟ್ಟೆ. ತೊಳೆದು ಹೋದ ಒಂದು ಮುದ್ದೆ ತೊಟ್ಟಿಯ ಅಂಚಿನ ಮೇಲೆ ಸರಸರನೆ ಓಡಿದಾಗಲೇ ತಿಳಿದದ್ದು. ಅವು ತಿಗಣೆಯಲ್ಲ, ತಿಗಣೆಯನ್ನು ತಿಂದು ಕೊಬ್ಬಿದ ದುಂಬಿಯ ಮರಿಗಳು! ಮರಿಯೂ ತಿಗಣೆಯಂತೆಯೇ ಬಿಳಿ ಮೇಣದ ಜೂಲು ಹೊದ್ದಿರುತ್ತದೆ. ಈಗ ಕಡ್ಡಿಯಿಂದ ಮುಟ್ಟಿ ನೋಡಿಯೇ ತೀರ್ಮಾನಿಸುತ್ತೇನೆ. ಓಡಿದರೆ ನಮ್ಮವನು, ಕುಂತಲ್ಲೇ ಕುಂತರೆ ತಿಗಣೆ.

ಮರಿಹುಳುಗಳಿಗೆ, ಅಂದರೆ ಕೋಸಿನ ಎಲೆ ತೂತು ಮಾಡುವ, ಟೊಮೆಟೊ ಕೊರೆಯುವ ಹಸಿರು ಹುಳಗಳಿಗೆ, ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಒಂದೇ ನಾನು ಧೈರ್ಯವಾಗಿ ಸಿಂಪಡಿಸುವುದು. ಬಿಟಿ ಹತ್ತಿಯ ಜಗಳವನ್ನು ಇಲ್ಲಿಗೆ ತರಬೇಡಿ. ಇದು ಪುಡಿಯಾಗಿ ಸಿಗುವ ಬ್ಯಾಕ್ಟೀರಿಯಾ. ಅದರ ವಿಷದ ಹರಳು ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ ಕೆಲಸ ಮಾಡುತ್ತದೆ, ಮೀನಿಗೆ ತೊಂದರೆಯಿಲ್ಲ. ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ ಅಕ್ವಾಪೋನಿಕ್ಸ್ ಸಂಶೋಧಕ ಜೇಮ್ಸ್ ರಾಕೋಸಿ ಅವರ ತಂಡವೂ ತಮ್ಮ ತೇಲುಹಲಗೆಯ ಲೆಟ್ಯೂಸಿಗೆ ಇದನ್ನೇ ಬಳಸುತ್ತಿತ್ತು. ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆ ಹೊಡೆಯಬೇಕು, ಹುಳ ಸಣ್ಣದಿರುವಾಗಲೇ ಹೊಡೆಯಬೇಕು. ಹುಳ ಕೂಡಲೇ ಸಾಯಲಿಲ್ಲ ಎಂದು ಮರುದಿನ ಮತ್ತೆ ಹೊಡೆಯಬೇಡಿ. ಅದು ತಿನ್ನುವುದನ್ನು ನಿಲ್ಲಿಸಿರುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಬಿಳಿನೊಣಕ್ಕೆ ಬ್ಯೂವೇರಿಯಾ ಬಾಸಿಯಾನಾ ಎಂಬ ಶಿಲೀಂಧ್ರದ ಪುಡಿ ಇದೆ.

ಆದರೆ ನಮ್ಮ ನಾಡಿನಲ್ಲಿ ಈ ಎರಡಕ್ಕೂ ಒಂದು ತೊಡಕು. ಬಿಟಿಯನ್ನು ಮೊದಲು ಕಂಡದ್ದೇ ಸಾಯುತ್ತಿದ್ದ ರೇಷ್ಮೆ ಹುಳುವಿನಲ್ಲಿ, 1901ರಲ್ಲಿ, ಜಪಾನಿನ ವಿಜ್ಞಾನಿ ಇಶಿವಾಟ. ಬ್ಯೂವೇರಿಯಾ ಅಂತೂ ನಮ್ಮ ರೇಷ್ಮೆ ಬೆಳೆಗಾರರ ಹಳೆಯ ವೈರಿ. ಹುಳುವನ್ನು ಸುಣ್ಣದ ಕಡ್ಡಿಯಂತೆ ಬಿಳಿಯಾಗಿ, ಗಟ್ಟಿಯಾಗಿ ಮಾಡುವ ಸುಣ್ಣಕಟ್ಟು ರೋಗ ಅದರದೇ. 1835ರಲ್ಲಿ ಇಟಲಿಯ ಬಾಸಿ ಅದನ್ನು ಗುರುತಿಸಿದ್ದಕ್ಕೇ ಅವರ ಹೆಸರು ಅದಕ್ಕೆ ಅಂಟಿದೆ. ಶಿಡ್ಲಘಟ್ಟ, ರಾಮನಗರದ ಕಡೆ ಯಾರಾದರೂ ಘಟಕ ಹಾಕಿಸಿದರೆ ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಅಥವಾ ಹುಳು ಸಾಕುವ ಮನೆ ಇದೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ ಎರಡೂ ಬೇಡ. ಬಲೆ ಪರದೆ, ಹಳದಿ ಅಂಟುಹಾಳೆ, ಕೈಯಿಂದ ಆಯುವುದು, ಇಷ್ಟರಲ್ಲಿಯೇ ಮುಗಿಸಬೇಕು.

ಮಲೆನಾಡಿನವರಿಗೆ ಬೇರೆಯದೇ ಎಚ್ಚರಿಕೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರ ಮೈಲುತುತ್ತದ ತಾಮ್ರ ಮೀನಿಗೆ ವಿಷ. ಮಲೆನಾಡಿನ ಹಳ್ಳದ ನೀರಿನಂತೆ ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರಿನಲ್ಲಿ ಆ ವಿಷ ಇನ್ನೂ ತೀವ್ರ. ಮರದ ತುದಿಗೆ ಹೊಡೆದದ್ದು ಗಾಳಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಔಷಧಿ ಹೊಡೆಯುವ ದಿನ ತೊಟ್ಟಿಗೂ ಬೆಡ್‌ಗೂ ಟಾರ್ಪಾಲು ಮುಚ್ಚಿ, ಪಕ್ಕದ ತೋಟದವರು ಹೊಡೆಯುವ ದಿನವೂ.

ಬ್ಯಾಂಕಿನವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು, ಹತ್ತೂವರೆಗೆ. ಪಾಲಕ್ ಎಲೆಯ ಮೇಲೆ ಬಿಳಿ ಗೀಟು ಗೀಟಾಗಿ ರಂಗೋಲಿ ಹುಳು ಬಿದ್ದಿದೆಯಂತೆ. ಹುಳು ಎಲೆಯ ಎರಡು ಪದರದ ನಡುವೆ ಇರುತ್ತದೆ, ಸಿಂಪಡಣೆ ಸುಲಭವಾಗಿ ತಲುಪುವುದಿಲ್ಲ, ಗೀಟು ಬಿದ್ದ ಎಲೆಗಳನ್ನು ಕಿತ್ತುಬಿಡಿ ಎಂದೆ.

"ಕಿತ್ತು ಮೀನಿಗೆ ಹಾಕಬಹುದೇ ಸರ್?"

"ಹಾಕಿ. ಏನನ್ನೂ ಹೊಡೆದಿಲ್ಲ ತಾನೇ?"

ಅವರು ನಕ್ಕರು. ಆಮೇಲೆ ಟೀ ಸೋಸುವ ಜಾಲರಿ ಹೊಸತು ತರಬೇಕಾಯಿತು, ಹಳೆಯದು ತಾರಸಿಯಿಂದ ಅಡುಗೆಮನೆಗೆ ವಾಪಸು ಬರುವುದನ್ನು ಮನೆಯಲ್ಲಿ ಒಪ್ಪಲಿಲ್ಲ ಎಂದರು.